ಹಳೆ ಎಸ್‌ಎಂಪಿಎಸ್ ಕೇಬಲ್ ಹೊಸದಕ್ಕೆ ಕೂರುತ್ತೆ, ಬಳಸಬಹುದಾ?

ಕೂರುತ್ತೆ. ಸಲೀಸಾಗಿ ಕೂತು ಕಟ್ ಅಂತ ಲಾಕ್ ಕೂಡ ಆಗುತ್ತೆ. ಅದೇ ತೊಂದರೆ. ಹಳೆ ಮಾಡ್ಯುಲರ್ ಎಸ್‌ಎಂಪಿಎಸ್‌ನ (ಕೇಬಲ್ ಬಿಚ್ಚಿ ಹಾಕಬಹುದಾದ, ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ) ಸಾಟಾ ಕೇಬಲ್ಲೇ, ಅಂದರೆ ಹಾರ್ಡ್ ಡಿಸ್ಕಿಗೆ ಕರೆಂಟ್ ಒಯ್ಯೋದನ್ನೇ ಹಾಕಲಾ, ಇಲ್ಲ ಅಂಗಡಿಯಲ್ಲಿ ಬೇರೆ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ತುಮಕೂರಿನ ನಮ್ಮ ಮನೆಯಲ್ಲಿ ಹಳೆ ಎಸ್‌ಎಂಪಿಎಸ್ ಕೈಕೊಟ್ಟಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದೆ. ಅದೇ ಕಂಪನಿ, ಮಾಡೆಲ್ ಬೇರೆ. ಮದರ್‌ಬೋರ್ಡಿನ 24 ಪಿನ್ ಕೇಬಲ್, ಸಿಪಿಯು ಕೇಬಲ್ ಎಲ್ಲ ಹೊಸದೇ ಹಾಕಿದೆ. ಹಾರ್ಡ್ ಡಿಸ್ಕಿನದು ಮಾತ್ರ ಕ್ಯಾಬಿನೆಟ್ ಹಿಂದೆ ನೀಟಾಗಿ ಟ್ಯಾಗ್ ಹಾಕಿ ಕಟ್ಟಿತ್ತು, ಯಾರು ಬಿಚ್ಚುತ್ತಾರೆ ಅಂತ ಹಾಗೇ ಬಿಟ್ಟು ಇನ್ನೊಂದು ತುದಿಯನ್ನು ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದೆ. ಸ್ವಿಚ್ ಒತ್ತಿದರೆ ಫ್ಯಾನ್ ಸ್ವಲ್ಪ ಅಲುಗಾಡಿ ನಿಂತಿತು. ಸುಟ್ಟ ವಾಸನೆ.

ಆಗಿದ್ದು ಇಷ್ಟು. ಡಿಸ್ಕಿನ ಕಡೆಯ ಸಾಟಾ ತುದಿ ಎಲ್ಲ ಕಡೆ ಒಂದೇ: 15 ಪಿನ್, ಯಾವುದರಲ್ಲಿ 3.3, ಯಾವುದರಲ್ಲಿ 5, ಯಾವುದರಲ್ಲಿ 12 ವೋಲ್ಟ್ ಅಂತ ಮೊದಲೇ ಗೊತ್ತಾಗಿರುತ್ತೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಮಾತ್ರ ಅಂಥ ನಿಯಮ ಇಲ್ಲ, ಕಂಪನಿಯವರು ಮಾಡೆಲ್ಲಿಗೊಂದು ಥರ ಜೋಡಿಸಿಕೊಳ್ಳಬಹುದು. ನನ್ನ ಡಿಸ್ಕಿಗೆ 5 ವೋಲ್ಟ್ ಬರಬೇಕಾದ ಜಾಗಕ್ಕೆ 12 ಬಂದಿತ್ತು. ಈಗಿನ ಎಷ್ಟೋ ಕೇಬಲ್‌ಗಳು ಪೂರ್ತಿ ಕಪ್ಪು, ಹಳದಿ (12 ವೋಲ್ಟ್) ಕೆಂಪು (5 ವೋಲ್ಟ್) ನೋಡಿ ಕಂಡುಹಿಡಿಯೋಣ ಅಂದರೂ ಆಗಲ್ಲ. ಎಸ್‌ಎಂಪಿಎಸ್‌ನಲ್ಲಿ ಪ್ರೊಟೆಕ್ಷನ್ ಇರುತ್ತಲ್ವಾ ಅಂತೀರಿ. ಇರುತ್ತೆ, ಆದರೆ ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಇದೆ, ತಪ್ಪಿರೋದು ದಾರಿಯಲ್ಲಿ, ಅಂದರೆ ಕೇಬಲ್ಲಿನಲ್ಲಿ.

ರಿಪೇರಿಯವರು ಭೂತಗನ್ನಡಿ ಹಿಡಿದು ಡಿಸ್ಕಿನ ಬೋರ್ಡ್ ತೋರಿಸಿದರು. ಜಾಸ್ತಿ ವೋಲ್ಟೇಜ್ ಬಂದರೆ ಡಿಸ್ಕನ್ನು ಕಾಯೋ, ಸಾಸಿವೆ ಗಾತ್ರದ ಟಿವಿಎಸ್ ಡಯೋಡ್ ಕರಕಲಾಗಿತ್ತು. ಕೆಲವೊಮ್ಮೆ ಅದೊಂದನ್ನು ಕಿತ್ತರೆ ಡಿಸ್ಕ್ ಎದ್ದು ಕೂರುತ್ತಂತೆ. ನನ್ನದು ಏಳಲಿಲ್ಲ. ಅಪ್ಪನ ಕೊಬ್ಬರಿ ವ್ಯಾಪಾರದ ಲೆಕ್ಕ ಪೂರ್ತಿ ಅದರಲ್ಲೇ ಇತ್ತು. "ಪುಸ್ತಕದಲ್ಲಿ ಬರೆದಿದ್ದರೆ ಇಲಿ ತಿಂದರೂ ಅರ್ಧ ಉಳೀತಿತ್ತು" ಅಂದರು ಅಪ್ಪ.

ಹಾಗಾಗಿ ಕೂರುತ್ತಾ ಅಂತ ನೋಡೋದನ್ನೇ ಬಿಡಿ. ಎಸ್‌ಎಂಪಿಎಸ್ ಬದಲಾಯಿಸಿದರೆ ಕೇಬಲ್ ಪೂರ್ತಿ ಬದಲಾಯಿಸಿ. ಅಂಗಡಿಯವರು "ಎಲ್ಲದಕ್ಕೂ ಆಗುತ್ತೆ ಸಾರ್" ಅಂತ ಕೊಡೋ ಬಣ್ಣಬಣ್ಣದ ಕೇಬಲ್ಲೂ ಬೇಡ, ಪ್ಲಾಸ್ಟಿಕ್ ಅಚ್ಚು ಹೊಯ್ದ ಮೊಲೆಕ್ಸ್-ಸಾಟಾ ಕನ್ವರ್ಟರಂತೂ (ಹಳೆ ಕಾಲದ 4 ಪಿನ್ ತುದಿಯನ್ನು ಸಾಟಾ ಮಾಡೋದು) ಬೇಡವೇ ಬೇಡ, ಅವು ಬೆಂಕಿ ಹತ್ತಿದ್ದೂ ಇದೆ. ಹಾಗೇ 8 ಪಿನ್‌ದು ಎರಡು ಥರ ಇರುತ್ತೆ: 4+4 ಆಗಿ ಬಿಡಿಸೋದು ಸಿಪಿಯುಗೆ, 6+2 ಗ್ರಾಫಿಕ್ಸ್ ಕಾರ್ಡಿಗೆ. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತುರುಕಬೇಡಿ.

ಹೊಸ ಎಸ್‌ಎಂಪಿಎಸ್‌ನ ಮಾಡೆಲ್ ನಂಬರ್ ಬರೆದು ಕಂಪನಿಗೇ ಮೇಲ್ ಹಾಕಿ, ಆ ಮಾಡೆಲ್ಲಿನದೇ ಕೇಬಲ್ ತರಿಸಿ. ಅಲ್ಲೀತನಕ ಡಿಸ್ಕ್ ಪಕ್ಕಕ್ಕಿಡಿ. ಹಳೆ ಎಸ್‌ಎಂಪಿಎಸ್ ಗುಜರಿಗೆ ಹಾಕುವಾಗ ಅದರ ಕೇಬಲ್ಲನ್ನೂ ಜೊತೆಗೇ ಹಾಕಿ.