ಎಲ್ಲ ಗೊತ್ತಿರಬೇಕೆಂಬ ಭಾರ: ಒಬ್ಬ ಇತಿಹಾಸ ಟೀಚರ್ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾರೆ. ವಯಸ್ಸು ನಲವತ್ತು ದಾಟಿದೆ. ಕೆಲಸದ ಮೇಲೆ ಪ್ರೀತಿ ಇದೆ, ಮಕ್ಕಳಿಗೂ ಅವರೆಂದರೆ ಇಷ್ಟ. ಆದರೂ ಕೆಲವು ತಿಂಗಳಿಂದ ಭಾನುವಾರ ಸಂಜೆಯಾದರೆ ಸಾಕು, ಎದೆ ಹಿಡಿದಂತಾಗುತ್ತಿತ್ತು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿ, ದೇಹಕ್ಕೆ ಏನೂ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ನನ್ನ ಹತ್ತಿರ ಬಂದಿದ್ದರು. ಒಳ್ಳೆಯ ಕೆಲಸ ಮಾಡಿದ್ದರು. ಎದೆಯ ವಿಷಯದಲ್ಲಿ ಮೊದಲು ಡಾಕ್ಟರ್, ಆಮೇಲೆ ಆಪ್ತಸಲಹೆ.

ಭಾನುವಾರವೇ ಯಾಕೆ ಎಂದು ಕೇಳಿದೆ. ಸೋಮವಾರ ಬೆಳಿಗ್ಗೆ ಸ್ಟಾಫ್ ಮೀಟಿಂಗ್ ಇರುತ್ತದೆ. ಪ್ರತಿಯೊಬ್ಬ ಟೀಚರೂ ತಮ್ಮ ಪಾಠವನ್ನು ಬೇರೆ ವಿಷಯದ ಜೊತೆ ಜೋಡಿಸಿ ಕಲಿಸಬೇಕು, ಆ ವಾರ ಏನು ಜೋಡಿಸಿದೆವು ಎಂದು ಎಲ್ಲರ ಮುಂದೆ ಹೇಳಬೇಕು. ಇದು ಶಾಲೆಯ ಹೊಸ ನಿಯಮ.

"ಮೇಡಂ, ನನ್ನ ವಿಷಯ ಈಗ ಲೆಕ್ಕಕ್ಕೇ ಇಲ್ಲ. ವಿಜ್ಞಾನದವರು ಪ್ರಾಜೆಕ್ಟ್ ಮಾಡ್ತಾರೆ. ಕೊನೆಗೆ ನನ್ನನ್ನ ಕರೆದು, ಇದರ ಇತಿಹಾಸ ಎರಡು ಸಾಲು ಹೇಳಿಬಿಡಿ ಟೀಚರ್ ಅಂತಾರೆ" ಎಂದರು.

ತರಬೇತಿಗೇನೂ ಕಡಿಮೆ ಇರಲಿಲ್ಲ. ಸರ್ಟಿಫಿಕೇಟುಗಳ ದಪ್ಪ ಫೈಲನ್ನೇ ತಂದಿದ್ದರು. ಒಂದೊಂದೂ ಒಂದು ದಿನದ ಕಾರ್ಯಾಗಾರ. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಗುಂಪು ಚಟುವಟಿಕೆ, ಸಂಜೆ ಫೋಟೋ. ಇವುಗಳಲ್ಲಿ ಯಾವುದರ ಮರುದಿನ ನಿಮ್ಮ ಕ್ಲಾಸಿನಲ್ಲಿ ಏನಾದರೂ ಬದಲಾಯಿತು ಎಂದು ಕೇಳಿದೆ. ಪುಟ ತಿರುವುತ್ತಾ ಹೋದರು. ಒಂದನ್ನೂ ಬೊಟ್ಟು ಮಾಡಿ ತೋರಿಸಲು ಆಗಲಿಲ್ಲ. ಅದಕ್ಕೂ ತಮ್ಮನ್ನೇ ದೂರಿಕೊಂಡರು. ಎಷ್ಟು ಕಲಿಸಿದರೂ ನನ್ನ ತಲೆಗೆ ಹತ್ತುವುದಿಲ್ಲ ಎಂದರು. ನನಗೆ ಹಾಗನಿಸಲಿಲ್ಲ. ಒಂದು ದಿನ ಕೂತು ಕೇಳಿ ಎದ್ದು ಬಂದರೆ ಯಾರ ಪಾಠವೂ ಸುಲಭಕ್ಕೆ ಬದಲಾಗುವುದಿಲ್ಲ. ತಮ್ಮದೇ ಕ್ಲಾಸಿನಲ್ಲಿ ಮಾಡಿ ನೋಡಿ, ಜೊತೆಯವರ ಹತ್ತಿರ ಚರ್ಚಿಸಿ, ಮತ್ತೆ ಮಾಡಿದರೆ ಮಾತ್ರ ಅದು ಕೈಗೆ ಹತ್ತುತ್ತದೆ.

ನಿಜವಾಗಿ ನೋಯಿಸಿದ್ದು ಇನ್ನೊಂದು ಘಟನೆ. ಅದು ಹೊರಬರಲು ಸ್ವಲ್ಪ ಸಮಯ ಹಿಡಿಯಿತು. ಒಂಬತ್ತನೇ ತರಗತಿಯಲ್ಲಿ ಯುರೋಪಿನ ಪ್ಲೇಗ್ ಪಾಠ ನಡೆದಿತ್ತು. ವಿಜ್ಞಾನದ ಸರ್ ಹಿಂದಿನ ಬೆಂಚಿನಲ್ಲಿ ಕೂತು ಗಮನಿಸುತ್ತಿದ್ದರು. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ಆಗ ಬ್ಯಾಕ್ಟೀರಿಯಾ ಅಂತ ಇದೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ವಲ್ಲ, ಮತ್ತೆ ಕ್ವಾರಂಟೈನ್ ಮಾಡ್ಬೇಕು ಅಂತ ಹೇಗೆ ಹೊಳೀತು?" ಇವರು ತಡವರಿಸಿದರು. ಅಷ್ಟರಲ್ಲಿ ಸರ್ ಎದ್ದು ಬಂದು ಬೋರ್ಡಿನ ಮೇಲೆ ಬ್ಯಾಕ್ಟೀರಿಯಾದ ಹೆಸರು ಬರೆದು ವಿವರಿಸಿದರು. ಮಕ್ಕಳು ನೋಟ್ಸ್ ಬರೆದುಕೊಂಡರು. ಅವತ್ತಿನಿಂದ ಆ ಕ್ಲಾಸಿಗೆ ಕಾಲಿಡುವುದೇ ಇವರಿಗೆ ಕಷ್ಟವಾಯಿತು.

"ಆ ಹುಡುಗಿಗೆ ಉತ್ತರ ಸಿಕ್ತಾ?" ಎಂದು ಕೇಳಿದೆ.

ಹೂಂ ಎಂದರು. ಆಮೇಲೆ ಯೋಚಿಸಿ, ಇಲ್ಲ ಎಂದರು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಂದು ಕ್ರೊಯೇಷಿಯಾದಲ್ಲಿರುವ, ಡುಬ್ರೋವ್ನಿಕ್ ಎಂದು ಕರೆಯುವ ರಗೂಸಾ ಎಂಬ ಬಂದರು ನಗರ, ಪ್ಲೇಗ್ ಇರುವ ಕಡೆಯಿಂದ ಬಂದವರನ್ನು 30 ದಿನ ಊರ ಹೊರಗೆ ಇರಿಸುವ ನಿಯಮ ಮಾಡಿದ್ದು 1377ರಲ್ಲಿ. ನಡುವೆ 500 ವರ್ಷಕ್ಕೂ ಜಾಸ್ತಿ ಅಂತರ. ಕಾರಣ ಗೊತ್ತಿಲ್ಲದಿದ್ದರೂ ಆ ಬಂದರಿನ ಜನ ಒಂದನ್ನು ಕಂಡಿದ್ದರು: ರೋಗ ಹಡಗುಗಳ ಜೊತೆ, ಪ್ರಯಾಣಿಕರ ಜೊತೆ ಬರುತ್ತದೆ. ವ್ಯಾಪಾರ ನಿಲ್ಲಿಸಲು ಆಗದು, ಆದರೆ ಕಾಯಿಸಬಹುದು. ಇದನ್ನೆಲ್ಲ ಅವರೇ, ನನ್ನ ಎದುರು ಕೂತು, ಒಂದು ಕಡೆಯೂ ತಡವರಿಸದೆ ಹೇಳಿದರು. ಹುಡುಗಿ ಕೇಳಿದ್ದು ಇತಿಹಾಸದ ಪ್ರಶ್ನೆ. ಅದರ ಉತ್ತರ ಇಡೀ ಕೋಣೆಯಲ್ಲಿ ಇವರೊಬ್ಬರ ಹತ್ತಿರ ಇತ್ತು. ಭಯದಲ್ಲಿ ಅದು ಹೊರಬರಲಿಲ್ಲ, ಅಷ್ಟೇ.

ನಾನು ಕೊಟ್ಟ ಸಲಹೆಯೆಲ್ಲ ಇಲ್ಲಿಂದಲೇ ಶುರುವಾಯಿತು. ವಿಷಯಗಳನ್ನು ಜೋಡಿಸಿ ಕಲಿಸುವುದೆಂದರೆ ಎಲ್ಲ ವಿಷಯವೂ ಒಬ್ಬರಿಗೇ ಗೊತ್ತಿರಬೇಕು ಎಂದಲ್ಲ. ಇತಿಹಾಸ ಟೀಚರ್ ಅರ್ಧ ವಿಜ್ಞಾನ ಟೀಚರ್ ಆಗಬೇಕಿಲ್ಲ. ನಿಮ್ಮ ವಿಷಯದ ಒಂದು ಗಟ್ಟಿ ಪ್ರಶ್ನೆ ಹುಡುಕಿ. ಇನ್ನೊಂದು ವಿಷಯದ ನೆರವಿಲ್ಲದೆ ಅದಕ್ಕೆ ಉತ್ತರ ಸಿಗುವಂತಿರಬಾರದು. ಹಾಗಿದ್ದರೆ ಜೋಡಿಸಿ. ಸುಮ್ನೆ ನೀರು, ಬೆಳಕು ಎಂದು ಒಂದು ಹೆಸರು ಇಟ್ಟುಕೊಂಡು ನಾಲ್ಕು ವಿಷಯದವರು ನಾಲ್ಕು ಕಡೆಯಿಂದ ಎಳೆದರೆ ಮಕ್ಕಳಿಗೆ ಯಾವುದೂ ದಕ್ಕುವುದಿಲ್ಲ. ವಾರಕ್ಕೊಂದು ಬೇಡ, ಒಂದು ಟರ್ಮಿಗೆ ಒಂದು ಪಾಠ ಸಾಕು. ಜೊತೆಗೆ ಒಬ್ಬರೇ ಸಹೋದ್ಯೋಗಿ ಇರಲಿ, ನಿಮಗೆ ಭಯವಾಗದವರು.

ಅವರು ಆರಿಸಿಕೊಂಡದ್ದು ಗಣಿತದ ಸರ್ ಅವರನ್ನು. ಪಾಠ, 1812ರಲ್ಲಿ ನೆಪೋಲಿಯನ್ ರಷ್ಯಾದ ಮೇಲೆ ನಡೆಸಿದ ದಂಡಯಾತ್ರೆ. ಪ್ರಶ್ನೆ ಸರಳ: ಆ ಸೈನ್ಯವನ್ನು ಮುಗಿಸಿದ್ದು ಚಳಿಯಾ?

ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಜೋಸೆಫ್ ಮಿನಾರ್ 1869ರಲ್ಲಿ ಬರೆದ ಒಂದು ನಕ್ಷೆ ಇದೆ. ಸೈನ್ಯದ ದಾರಿಯನ್ನು ಒಂದು ಪಟ್ಟಿಯ ಹಾಗೆ ಎಳೆದಿದ್ದಾನೆ. ಜನ ಕಡಿಮೆಯಾದಂತೆ ಪಟ್ಟಿ ತೆಳ್ಳಗಾಗುತ್ತದೆ. ಅವನ ಲೆಕ್ಕದಲ್ಲಿ, ದಂಡಯಾತ್ರೆ ಶುರುವಾದ ನೀಮನ್ ನದಿಯ ಬಳಿ 4,22,000 ಮಂದಿ. ಮಾಸ್ಕೋದಲ್ಲಿ 1,00,000. ಕೊನೆಗೆ ವಾಪಸ್ ಬಂದವರು 10,000. ಕೆಳಗೆ, ವಾಪಸ್ ಬರುವಾಗಿನ ತಾಪಮಾನದ ಗೆರೆ. ಅದು ಸೆಲ್ಸಿಯಸ್‌ನಲ್ಲಿ ಇಲ್ಲ, ರೇಮ್ಯೂರ್ (Réaumur) ಎಂಬ ಹಳೆಯ ಮಾಪನದಲ್ಲಿದೆ. ಆ ಮಾಪನದಲ್ಲಿ ನೀರು ಕುದಿಯುವುದು 80 ಡಿಗ್ರಿಗೆ. ಹಾಗಾಗಿ 1.25ರಿಂದ ಗುಣಿಸಬೇಕು. ಡಿಸೆಂಬರ್ 6ರ ಮೈನಸ್ 30 ಎಂದರೆ ನಮ್ಮ ಲೆಕ್ಕಕ್ಕೆ ಮೈನಸ್ 37.5. ಗಣಿತದ ಸರ್ ಈ ಮಾಪನವನ್ನು ಕೇಳಿಯೇ ಇರಲಿಲ್ಲವಂತೆ. ಟೀಚರ್ ಅದು ಎಲ್ಲಿಂದ ಬಂತೆಂದು ಹೇಳಿಕೊಟ್ಟರು, ಸರ್ ಲೆಕ್ಕ ಮಾಡಿ ತೋರಿಸಿದರು.

ಮಕ್ಕಳು ಶೇಕಡಾವಾರು ಲೆಕ್ಕ ಹಾಕಿದರು. ಜೂನ್‌ನಲ್ಲಿ ಹೊರಟವರಲ್ಲಿ ಸೆಪ್ಟೆಂಬರ್ ಹೊತ್ತಿಗೆ ಮಾಸ್ಕೋ ತಲುಪಿದವರು ಕಾಲು ಭಾಗಕ್ಕಿಂತ ಕಡಿಮೆ. ಅಂದರೆ ಹಿಮ ಬೀಳುವ ಮೊದಲೇ ಸೈನ್ಯ ಕರಗಿತ್ತು. ಹಾಗಾದರೆ ಅಷ್ಟೂ ಜನ ಸತ್ತರಾ? ಇಲ್ಲಿ ಗಣಿತ ನಿಲ್ಲುತ್ತದೆ. ರೋಗ, ಹಸಿವು, ಯುದ್ಧ, ಬಿಟ್ಟು ಓಡಿಹೋದವರು, ದಾರಿಯಲ್ಲಿ ಬೇರೆ ಕಡೆಗೆ ಕಳಿಸಿದ ತುಕಡಿಗಳು, ಎಲ್ಲವೂ ಆ ಒಂದೇ ಪಟ್ಟಿಯೊಳಗಿವೆ. ಅದನ್ನು ಬಿಡಿಸುವುದು ಇತಿಹಾಸದ ಕೆಲಸ. ಯುದ್ಧ ಮುಗಿದು 50 ವರ್ಷಕ್ಕೂ ಹೆಚ್ಚು ಆದಮೇಲೆ ನಕ್ಷೆ ಮಾಡಿದವನಿಗೆ ಈ ಅಂಕಿಗಳು ಎಲ್ಲಿ ಸಿಕ್ಕವು ಎಂದು ಒಬ್ಬ ಹುಡುಗ ಕೇಳಿದನಂತೆ. ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ಯಾಕೆ ಅರಳಬಾರದು ಹೇಳಿ? ಇತಿಹಾಸ ಕಲಿಸುವವರು ಮಕ್ಕಳ ಬಾಯಲ್ಲಿ ಕೇಳಬೇಕೆಂದು ಹಂಬಲಿಸುವುದೇ ಇಂಥ ಪ್ರಶ್ನೆಯನ್ನು.

ಇಬ್ಬರೂ ಪಾಠವನ್ನು ಒಟ್ಟಿಗೆ ಯೋಜಿಸಿದರು. ಒಬ್ಬರು ಕಲಿಸುವಾಗ ಇನ್ನೊಬ್ಬರು ಮಕ್ಕಳನ್ನು ಗಮನಿಸಿದರು. ಟೀಚರನ್ನಲ್ಲ, ಮಕ್ಕಳನ್ನು: ಎಲ್ಲಿ ಸಿಕ್ಕಿಹಾಕಿಕೊಂಡರು, ಯಾವಾಗ ತಲೆ ಎತ್ತಿದರು. ಜಪಾನಿನ ಶಾಲೆಗಳಲ್ಲಿ ಟೀಚರ್‌ಗಳು ಹೀಗೆ ಸೇರಿ ಪಾಠ ಕಟ್ಟಿ, ನೋಡಿ, ಚರ್ಚಿಸಿ ತಿದ್ದುವ ಪದ್ಧತಿ ಬಹಳ ಹಳೆಯದು. ವೃತ್ತಿಯಲ್ಲಿ ಬೆಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ತಮ್ಮನ್ನು ತೂಗಿ ನೋಡುತ್ತಿದ್ದಾರೆ ಎಂಬ ಭಯ ಇವರಿಗೆ ಅರ್ಧ ಇಳಿದದ್ದೂ ಇದರಿಂದಲೇ.

ಮನಸ್ಸಿನ ಕಡೆಯ ಕೆಲಸ ಬೇರೆ ಇತ್ತು. ಸೋಮವಾರ ಹೇಳಬೇಕಾದ್ದನ್ನು ಶುಕ್ರವಾರವೇ, ಶಾಲೆ ಬಿಡುವ ಮೊದಲು, ನಾಲ್ಕು ಸಾಲು ಬರೆದಿಡಿ, ಆಮೇಲೆ ಆ ಪುಸ್ತಕ ಮನೆಗೆ ಒಯ್ಯಬೇಡಿ ಎಂದೆ. ಇನ್ನೊಂದು, ಗೊತ್ತಿಲ್ಲ ಎನ್ನುವ ಅಭ್ಯಾಸ. "ಇದು ನನಗೆ ಗೊತ್ತಿಲ್ಲ, ಹುಡುಕೋದು ಹೇಗೆ ಅಂತ ಗೊತ್ತು, ನಾಳೆ ನೋಡೋಣ" ಎಂಬ ಮಾತನ್ನು ನನ್ನ ಎದುರೇ ಗಟ್ಟಿಯಾಗಿ ಹೇಳಿಸಿದೆ. ಮೊದಲು ದನಿ ನಡುಗಿತು. ಹೇಳುತ್ತಾ ಹೇಳುತ್ತಾ ಹಗುರಾಯಿತು.

ಹೆಡ್‌ಮಿಸ್ಟ್ರೆಸ್ ಹತ್ತಿರ ದೂರು ಹೇಳಬೇಡಿ, ಬೇಡಿಕೆ ಇಡಿ ಎಂದೂ ಹೇಳಿದೆ. ವಾರದ ವರದಿ ಬದಲು, ಗಣಿತದ ಸರ್‌ಗೂ ತಮಗೂ ಒಟ್ಟಿಗೆ ಒಂದು ಬಿಡುವಿನ ಪೀರಿಯಡ್ ಕೊಡಿ ಎಂದು ಕೇಳಿದರು. ಟೈಮ್ ಟೇಬಲ್‌ನಲ್ಲಿ ಜಾಗ ಮಾಡದೆ ಜೋಡಿಸಿ ಕಲಿಸಿ ಎನ್ನುವುದು ನ್ಯಾಯವಲ್ಲ, ಟೀಚರ್‌ಗಳು ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಸದ್ಯಕ್ಕೆ ಎರಡು ವಾರಕ್ಕೊಮ್ಮೆ ಆ ಪೀರಿಯಡ್ ಸಿಕ್ಕಿದೆ. ಸೋಮವಾರದ ವರದಿ ಮಾತ್ರ ಹಾಗೇ ಇದೆ.

ಈಗ ನಿದ್ದೆ ಎಷ್ಟೋ ವಾಸಿ. ಭಾನುವಾರದ ಕಳವಳ ಪೂರ್ತಿ ಹೋಗಿಲ್ಲ, ಹಾಗಾಗಿ ನಮ್ಮ ಭೇಟಿಯೂ ಮುಂದುವರಿದಿದೆ. ಕಳೆದ ಸಲ ಬಂದಾಗ ಅವರ ಚಿಂತೆ ಬೇರೆಯದೇ ಆಗಿತ್ತು: ಎರಡು ವಿಷಯ ಸೇರಿದ ಉತ್ತರಕ್ಕೆ ಅಂಕ ಕೊಡುವುದು ಹೇಗೆ? ಲೆಕ್ಕ ತಪ್ಪಿ ವಾದ ಸರಿಯಿದ್ದರೆ? ಲೆಕ್ಕಕ್ಕೆ ಸರ್ ಅಂಕ ಕೊಡಲಿ, ಅಂಕಿಯನ್ನು ಸಾಕ್ಷಿಯಾಗಿ ಹೇಗೆ ಬಳಸಿದ್ದಾರೆ ಎಂಬುದಕ್ಕೆ ನೀವು ಕೊಡಿ, ಎರಡನ್ನೂ ಬೇರೆ ಬೇರೆ ಬರೆದು ಪರೀಕ್ಷೆಗೆ ಮೊದಲೇ ಮಕ್ಕಳಿಗೆ ತಿಳಿಸಿ ಎಂದೆ. ಸರ್ ಒಪ್ಪುತ್ತಾರಾ ಕೇಳಿ ನೋಡುತ್ತೇನೆ ಎಂದು ಹೊರಟರು.