ನಿದ್ದೆಯಲ್ಲಿ ಪಾಠ ಕೇಳಿಸಿಕೊಂಡರೆ ನೆನಪು ಉಳಿಯುತ್ತದೆಯೇ?

ಕೇರಳದ ಸರ್ಕಾರಿ ನೌಕರಿಯ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೀರಿ, ಮಲಯಾಳ ಪದಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ರಾತ್ರಿಯಿಡೀ ಕಿವಿಗೆ ಹಾಕಿಕೊಂಡು ಮಲಗಿದರೆ ಬಾಯಿಪಾಠವಾದೀತೇ ಎಂದು ಕೇಳಿದ್ದೀರಿ. ಕಾಸರಗೋಡಿನ ಬದಿಯಡ್ಕದಲ್ಲಿ ನನ್ನ ಬಳಿ ಪಾಠಕ್ಕೆ ಬರುವ ಕನ್ನಡ ಮಾಧ್ಯಮದ ಮಕ್ಕಳದ್ದೂ ಇದೇ ಪ್ರಶ್ನೆ. ದಯವಿಟ್ಟು ಹಾಗೆ ಮಾಡಬೇಡಿ. ಎಚ್ಚರದಲ್ಲಿ ಓದದೇ ಇದ್ದ ಪಾಠ ನಿದ್ದೆಯಲ್ಲಿ ತಲೆಗೆ ಹತ್ತುವುದಿಲ್ಲ. ಸೈಮನ್ ಮತ್ತು ಎಮನ್ಸ್ ಎಂಬ ಸಂಶೋಧಕರು ಮಿದುಳಿನ ಅಲೆಗಳನ್ನು ಗಮನಿಸುತ್ತಲೇ ಪರೀಕ್ಷಿಸಿ 1956ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ.

ಆದರೆ ಕಲಿತದ್ದನ್ನು ಗಟ್ಟಿಮಾಡುವುದು ಬೇರೆ ಮಾತು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. 50 ಚಿತ್ರಗಳು ಪರದೆಯ ಮೇಲೆ ಎಲ್ಲೆಲ್ಲಿವೆ ಎಂದು ನೆನಪಿಡಬೇಕು. ಬೆಕ್ಕಿನ ಚಿತ್ರ ಬಂದಾಗ ಮಿಯಾಂವ್, ಕೆಟಲ್ ಬಂದಾಗ ಸಿಳ್ಳೆ, ಹೀಗೆ ಒಂದೊಂದಕ್ಕೂ ಒಂದು ಸದ್ದು. ಆಮೇಲೆ ಹಗಲು ನಿದ್ದೆ. ಗಾಢ ನಿದ್ದೆ ಹತ್ತಿದಾಗ 25 ಸದ್ದುಗಳನ್ನು ಮಾತ್ರ ಮೆಲ್ಲನೆ ಕೇಳಿಸಿದರು. ಎದ್ದ ಮೇಲೆ ಆ 25 ಚಿತ್ರಗಳ ಜಾಗವನ್ನೇ ಭಾಗವಹಿಸಿದವರು ಹೆಚ್ಚು ಸರಿಯಾಗಿ ಗುರುತಿಸಿದರು.

ಇನ್ನು ಹೊತ್ತು ನೋಡಿ ಕೇಳಿಸುವ ಸದ್ದು. ಗಾಢ ನಿದ್ದೆಯಲ್ಲಿ ಮಿದುಳಿನ ನಿಧಾನ ಅಲೆಗಳು ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ವೇಗದಲ್ಲಿ ಏರಿ ಇಳಿಯುತ್ತವೆ. ಜರ್ಮನಿಯ ತಂಡವೊಂದು 2013ರಲ್ಲಿ, ಅಲೆ ಏರುವ ಗಳಿಗೆಗೆ ಸರಿಯಾಗಿ 50 ಮಿಲಿಸೆಕೆಂಡಿನ ಸಣ್ಣ ಸದ್ದು ಕೊಟ್ಟಿತು. ಅಲೆಗಳು ಬಲಗೊಂಡವು, ಮಲಗುವ ಮುನ್ನ ಕಲಿತ ಪದಜೋಡಿಗಳೂ ಹೆಚ್ಚು ನೆನಪಿನಲ್ಲಿ ಉಳಿದವು. ಭಾಗವಹಿಸಿದವರು ಬರೀ 11 ಮಂದಿ, ಅದನ್ನು ಮರೆಯಬಾರದು. 2019ರಲ್ಲಿ ಇನ್ನೊಂದು ತಂಡಕ್ಕೆ ಅಲೆಗಳ ಏರಿಕೆ ಕಂಡಿತೇ ಹೊರತು ನೆನಪಿನಲ್ಲಿ ಲಾಭ ಕಾಣಲಿಲ್ಲ.

ಈ ಗಳಿಗೆ ಹಿಡಿಯಲು ತಲೆಗೆ ಇಲೆಕ್ಟ್ರೋಡ್ ಅಂಟಿಸಿರಬೇಕು. ದಿಂಬಿನಡಿಯ ಮೊಬೈಲ್‌ಗೆ ನಿಮ್ಮ ಮಿದುಳಿನ ಅಲೆ ತಿಳಿಯುವುದಿಲ್ಲ. ಅದು ರಾತ್ರಿಯಿಡೀ ಉಲಿಯುವ ಪದಪಟ್ಟಿ ಆಟಿ ತಿಂಗಳಲ್ಲಿ ತಗಡಿನ ಮಾಡಿಗೆ ಬೀಳುವ ಮಳೆಯಂತೆ, ಹೊತ್ತು ಗೊತ್ತಿಲ್ಲದ ಸದ್ದು. ಜೋರಾದರೆ ಇದ್ದ ನಿದ್ದೆಯೂ ಕೆಡುತ್ತದೆ.

ಮನೆಯಲ್ಲಿ ತುಳುವೋ ಕನ್ನಡವೋ ಆಡಿ, ಪರೀಕ್ಷೆಗೆ ಮಲಯಾಳ ಕಲಿಯುವ ಶ್ರಮ ಎಷ್ಟೆಂದು ನನಗೆ ಗೊತ್ತು. ಆ ಶ್ರಮ ದಂಡವಾಗಬಾರದು. ಸಂಜೆ ಪದಗಳನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ, ತಪ್ಪಿದವನ್ನು ಮಲಗುವ ಮುನ್ನ ಮತ್ತೊಮ್ಮೆ ಬರೆಯಿರಿ. ಗಾಢ ನಿದ್ದೆಯ ಹೆಚ್ಚಿನ ಪಾಲು ಸಿಗುವುದು ನಿದ್ದೆಯ ಮೊದಲ ಗಂಟೆಗಳಲ್ಲಿ. ಆಗ ಇಯರ್‌ಫೋನ್ ಕಿವಿಯಲ್ಲಿರುವುದು ಬೇಡ.