ಪಿಕಪ್‌ನ ಬೆನ್ನಿಗೆ ಯಾವ ಹೊದಿಕೆ?

ಪ್ರಶ್ನೆ: ನಾನು ಬ್ರಹ್ಮಾವರದ ಬಳಿ ವಿದ್ಯುತ್ ಗುತ್ತಿಗೆ ಕೆಲಸ ಮಾಡುವವನು. ಕಳೆದ ದೀಪಾವಳಿಗೆ ಎರಡು ಸಾಲು ಸೀಟುಗಳಿರುವ ಪಿಕಪ್ ಕೊಂಡಿದ್ದೇನೆ. ವಾರವಿಡೀ ವೈರಿನ ಸುರುಳಿ, ಡ್ರಿಲ್ಲಿಂಗ್ ಯಂತ್ರ, ಏಣಿಗಳನ್ನು ಒಯ್ಯಬೇಕು. ವರ್ಷಕ್ಕೆ ನಾಲ್ಕೈದು ಸಲ ಮನೆಯ ಅಡಿಕೆಯನ್ನು ಮಂಗಳೂರಿಗೆ ಸಾಗಿಸುತ್ತೇನೆ. ಅಲ್ಯೂಮಿನಿಯಂ ರೋಲರ್ ಕವರ್ ಹಾಕಿಸಿದರೆ ಒಂದು ಹನಿ ನೀರೂ ಒಳಗೆ ಬರುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಟರ್ಪಾಲು ಸಾಕು ಎಂಬುದು ನನ್ನ ತಮ್ಮನ ವಾದ. ಯಾರ ಮಾತು ಸರಿ?

ಉತ್ತರ: ಒಂದು ಹನಿಯೂ ಬರುವುದಿಲ್ಲ ಎಂಬ ಮಾತನ್ನು ಮೊದಲು ಬದಿಗಿಡಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವ ನಮ್ಮ ಕರಾವಳಿಯಲ್ಲಿ ಅಂತಹ ಭರವಸೆಯನ್ನು ಯಾವ ಹೊದಿಕೆಯ ಬಗ್ಗೆಯೂ ಕೊಡಲಾಗದು. ನಿಮ್ಮ ವಾಹನದ ಬಾಡಿ, ಅಂದರೆ ಹಿಂಬದಿಯ ಸರಕಿನ ತೊಟ್ಟಿ, ಐದು ಅಡಿ ಚೌಕವಿದೆ ಎಂದುಕೊಂಡರೆ, ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆಯಾದಾಗ ಅದರ ಮೇಲೆ ಬೀಳುವ ನೀರು ಸುಮಾರು 230 ಲೀಟರ್. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂತಹ ದಿನಗಳು ನಮಗೆ ಹೊಸತಲ್ಲ. ಆದ್ದರಿಂದ ನೀರು ಬರುತ್ತದೆಯೇ ಎಂದು ಕೇಳುವುದಕ್ಕಿಂತ, ಬಂದ ನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂದು ಅಂಗಡಿಯವರನ್ನು ಕೇಳಿ. ಆ ಪ್ರಶ್ನೆಗೆ ತಡವರಿಸದೆ ಉತ್ತರಿಸುವವರಲ್ಲಿ ಕೊಂಡರೆ ಒಳ್ಳೆಯದು.

ಹೊದಿಕೆಯ ಮೈಯಿಂದ ನೀರು ಸೋರುವುದು ಅಪರೂಪ. ಕ್ಯಾಬಿನ್ನಿನ ಹಿಂಬದಿಯ ಎರಡು ಮೂಲೆಗಳು, ಬಾಡಿಯ ಅಂಚಿನ ಮೇಲೆ ರಬ್ಬರು ಕೂರುವ ಜಾಗ, ಹಿಂಬಾಗಿಲಿನ ಕೆಳಗಿನ ಸಂದು, ಇವು ಮೂರು ನೀರಿನ ದಾರಿಗಳು. ಇವುಗಳಲ್ಲಿ ಹಿಂಬಾಗಿಲಿನ ಸಂದನ್ನು ಮೇಲಿನ ಯಾವ ಹೊದಿಕೆಯೂ ಮುಚ್ಚುವುದಿಲ್ಲ. ಅದಕ್ಕೆ ಪ್ರತ್ಯೇಕ ರಬ್ಬರು ಪಟ್ಟಿಯನ್ನೇ ಅಂಟಿಸಬೇಕು. ಪ್ಲಾಸ್ಟಿಕ್ಕಿನ ಬೆಡ್ ಲೈನರ್ (ಬಾಡಿಯ ಒಳಹಾಸು) ಅಂಚಿನ ಮೇಲಕ್ಕೂ ಮಡಚಿಕೊಂಡಿದ್ದರೆ ರಬ್ಬರು ಸರಿಯಾಗಿ ಒತ್ತಿ ಕೂರುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ರೋಲರ್ ಕವರಿನಲ್ಲಿ ಪಟ್ಟಿಗಳು ಸುರುಳಿಯಾಗಿ ಸೇರಿಕೊಳ್ಳುವ ಪೆಟ್ಟಿಗೆಯೊಂದು ಕ್ಯಾಬಿನ್ನಿಗೆ ಒತ್ತಿಕೊಂಡು ಇರುತ್ತದೆ. ಅದರೊಳಗೆ ಇಳಿದ ನೀರನ್ನು ಮೂಲೆಯ ಸಣ್ಣ ಕೊಳವೆಗಳು ಹೊರಗೆ ಹಾಕುತ್ತವೆ. ವ್ಯವಸ್ಥೆ ಚೆನ್ನಾಗಿಯೇ ಇದೆ, ಆದರೆ ವಾಹನವನ್ನು ಮಾವಿನ ಮರದ ಅಥವಾ ಗೇರುಮರದ ಕೆಳಗೆ ನಿಲ್ಲಿಸುವ ನಮ್ಮ ಅಂಗಳಗಳಲ್ಲಿ ಆ ಕೊಳವೆಗಳು ತರಗೆಲೆಯಿಂದ ಕಟ್ಟಿಕೊಳ್ಳಲು ಒಂದು ವಾರ ಸಾಕು. (ತೆಂಗಿನ ಮರದ ಕೆಳಗೆ ನಿಲ್ಲಿಸುವವರಿಗೆ ನಾನು ಯಾವ ಹೊದಿಕೆಯನ್ನೂ ಸೂಚಿಸುವುದಿಲ್ಲ, ಜಾಗ ಬದಲಿಸಿ ಎಂದಷ್ಟೇ ಹೇಳುತ್ತೇನೆ.) ಮೇಲಾಗಿ ಆ ಪೆಟ್ಟಿಗೆ ಬಾಡಿಯ ಉದ್ದದಲ್ಲಿ ಸುಮಾರು ಒಂದು ಅಡಿಯನ್ನು ನುಂಗುತ್ತದೆ. ಮೂರು ಮಡಿಕೆಯ ಗಟ್ಟಿ ಕವರು ಅಷ್ಟು ಜಾಗ ತಿನ್ನುವುದಿಲ್ಲ, ಬೀಗವೂ ಭದ್ರವಾಗಿರುತ್ತದೆ, ಆದರೆ ಅದನ್ನು ಪೂರ್ತಿ ಮಡಚಿ ನಿಲ್ಲಿಸಿದಾಗ ಹಿಂದಿನ ಗಾಜು ಮರೆಯಾಗುತ್ತದೆ. ಮೆತ್ತನೆಯ ಸುರುಳಿ ಕವರು ಅಗ್ಗ ಮತ್ತು ಹಗುರ, ಆದರೆ ಚೂರಿಯಿಂದ ಕೊಯ್ದು ತೆಗೆಯಬಹುದಾದ ವಸ್ತುವಿಗೆ ಬೀಗ ಹಾಕಿ ಪ್ರಯೋಜನವಿಲ್ಲ.

ಈಗ ನಿಮ್ಮ ಸರಕಿನ ವಿಚಾರಕ್ಕೆ ಬರೋಣ. ನಿಮಗೆ ಬೀಗ ಬೇಕಾಗಿರುವುದು ಡ್ರಿಲ್ಲಿಂಗ್ ಯಂತ್ರಕ್ಕೆ ಮತ್ತು ತಾಮ್ರದ ವೈರಿಗೆ, ಇಡೀ ಬಾಡಿಗೆ ಅಲ್ಲ. ಅಡಿಕೆಯ ಚೀಲಗಳು ಒಂದರ ಮೇಲೊಂದು ಕೂತಾಗ ಬಾಡಿಯ ಅಂಚನ್ನು ಮೀರಿ ಮೇಲೇಳುತ್ತವೆಯಾದ್ದರಿಂದ, ಅಂಚಿನ ಮಟ್ಟದಲ್ಲಿ ಚಪ್ಪಟೆಯಾಗಿ ಮುಚ್ಚುವ ಯಾವ ಕವರೂ, ಅದು ಎಷ್ಟೇ ದುಬಾರಿಯಾಗಿರಲಿ, ಆ ನಾಲ್ಕೈದು ದಿನಗಳಂದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಕ್ಯಾಬಿನ್ನಿಗೆ ತಾಗಿಸಿ, ಬಾಡಿಗೆ ಬೋಲ್ಟು ಹಾಕಿ ಕೂರಿಸಿದ ಬೀಗವಿರುವ ಉಪಕರಣದ ಪೆಟ್ಟಿಗೆ ಒಂದು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯುವ ಮೂರು ಕಮಾನುಗಳ ಮೇಲೆ ಅಳತೆಗೆ ಹೊಲಿಸಿದ ಪಿವಿಸಿ ಟರ್ಪಾಲು ಒಂದು, ಇವೆರಡೇ ನಿಮಗೆ ಸಾಕು. ನಿಮ್ಮ ತಮ್ಮ ಅರ್ಧ ಸರಿ ಎಂದಂತಾಯಿತು. ಏಣಿಯನ್ನು ಮಾತ್ರ ಹಿಂಬಾಗಿಲು ತೆರೆದು ಹೊರಚಾಚಿ ಒಯ್ಯಬೇಡಿ. ಅದರ ಕಾನೂನನ್ನು ಕೊನೆಯ ಉತ್ತರದಲ್ಲಿ ಹೇಳಿದ್ದೇನೆ. ಮಡಚುವ ಏಣಿ ಕೊಳ್ಳುವುದು ಸುಲಭದ ದಾರಿ.

ಅಡಿಕೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮಳೆಯ ನೀರಿಗಿಂತ ಹೊದಿಕೆಯೊಳಗಿನ ಬೆವರು ಅಡಿಕೆಗೆ ಹೆಚ್ಚು ಅಪಾಯಕಾರಿ. ಹಗಲು ಬಿಸಿಲಿನಲ್ಲಿ ನಿಂತ ಟರ್ಪಾಲಿನ ಕೆಳಗೆ ಕಾವೇರಿದ ತೇವದ ಗಾಳಿ, ಸಂಜೆ ತಂಪಾದಾಗ ಟರ್ಪಾಲಿನ ಒಳಮೈಯಲ್ಲಿ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಮಂಗಳೂರಿನಿಂದ ಶಿರಾಡಿ ಘಾಟಿಯ ಮೂಲಕ ರಾತ್ರಿ ಬೆಂಗಳೂರಿನ ಕಡೆಗೆ ಸಾಗುವ ಸರಕಿನಲ್ಲಿ ಇದು ಇನ್ನೂ ಹೆಚ್ಚು. ಮಳೆಯೇ ಇಲ್ಲದ ದಿನ ಅಡಿಕೆ ಹೇಗೆ ಒದ್ದೆಯಾಗಿ ಬೂಸಲು ಹಿಡಿಯಿತು ಎಂದು ಅಚ್ಚರಿಪಡುವವರು ಈ ಬೆವರನ್ನು ಮರೆತಿರುತ್ತಾರೆ. ಕೆಳಗೆ ಮರದ ರೀಪುಗಳನ್ನು ಹಾಸಿ ಅದರ ಮೇಲೆ ಚೀಲ ಜೋಡಿಸಿ, ಚೀಲದ ತಲೆಗೂ ಟರ್ಪಾಲಿಗೂ ನಡುವೆ ಕನಿಷ್ಠ ನಾಲ್ಕು ಬೆರಳಿನಷ್ಟು ಅಂತರ ಬಿಡಿ. ಕಮಾನು ಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನನ್ನದು ಮೂಡುಬಿದಿರೆಯಲ್ಲಿ ಬಾಡಿಗೆಗೆ ಓಡುವ ಪಿಕಪ್. ಬಾಡಿ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ. ಪ್ರತಿ ವರ್ಷ ನೀಲಿ ಟರ್ಪಾಲು ಕೊಳ್ಳುತ್ತೇನೆ, ಮರುವರ್ಷಕ್ಕೆ ಅದು ಪುಡಿಯಾಗುತ್ತದೆ. ಜಿಎಸ್ಎಂ ಎಂದರೇನು? ಎಷ್ಟಿರಬೇಕು?

ಉತ್ತರ: ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ನಿಮ್ಮ ಬಾಡಿಯನ್ನು ಕಮಾನು ಸಮೇತ ಮುಚ್ಚಲು ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಹಾಳೆ ಬೇಕಾಗುತ್ತದೆ. ಅದು 200 ಜಿಎಸ್ಎಂನ ನೀಲಿ ಟರ್ಪಾಲಾದರೆ ಮೂರೂವರೆ ಕಿಲೋದೊಳಗೆ ತೂಗುತ್ತದೆ. 650 ಜಿಎಸ್ಎಂನ ಪಿವಿಸಿ ಟರ್ಪಾಲಾದರೆ ಸುಮಾರು ಹನ್ನೊಂದು ಕಿಲೋ. ಅಂಗಡಿಯಲ್ಲಿ ಜಿಎಸ್ಎಂ ಎಷ್ಟೆಂದು ಬಾಯಲ್ಲಿ ಹೇಳಿದರೆ ನಂಬದೆ ತಕ್ಕಡಿಗೆ ಹಾಕಿಸಿ, ತೂಕವನ್ನು ಚದರ ಮೀಟರಿನಿಂದ ಭಾಗಿಸಿ ನೋಡಿ.

ನೀಲಿ ಟರ್ಪಾಲು ಪ್ಲಾಸ್ಟಿಕ್ ಪಟ್ಟಿಗಳಿಂದ ನೇಯ್ದದ್ದು. ಬಿಸಿಲು ಅದರ ಶತ್ರು; ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಅದು ಜೀರ್ಣವಾಗಿ, ಮಳೆ ಬರುವ ಹೊತ್ತಿಗೆ ಬೆರಳು ತಾಗಿದರೆ ಉದುರುವ ಸ್ಥಿತಿಗೆ ಬರುತ್ತದೆ. ಪಿವಿಸಿ ಟರ್ಪಾಲಿನ ಒಳಗೆ ಪಾಲಿಯೆಸ್ಟರ್ ಬಟ್ಟೆ ಇರುವುದರಿಂದ ಅದು ಹರಿಯುವುದು ಕಷ್ಟ, ಹರಿದರೂ ತೇಪೆ ಅಂಟಿಸಬಹುದು. ದಿನವೂ ಓಡುವ ವಾಹನಕ್ಕೆ 500ಕ್ಕಿಂತ ಕಡಿಮೆ ಬೇಡ, 650 ಇದ್ದರೆ ಲೇಸು. ಅದಕ್ಕಿಂತ ದಪ್ಪದ್ದನ್ನು ಒಬ್ಬರೇ ಎಳೆದು ಕಟ್ಟುವುದು ತ್ರಾಸ. ಹಳಬರು ಮೆಚ್ಚುವ ಹತ್ತಿಯ ಕ್ಯಾನ್ವಾಸು ಉಸಿರಾಡುತ್ತದೆ ಎಂಬುದು ನಿಜ, ಆದರೆ ಒದ್ದೆಯಾದರೆ ಎತ್ತಲಾಗದಷ್ಟು ಭಾರವಾಗುತ್ತದೆ, ನಮ್ಮ ಮಳೆಗಾಲದಲ್ಲಿ ಒಣಗುವುದೂ ಇಲ್ಲ.

ಜೋಡಣೆಯನ್ನು ಸೂಜಿಯಿಂದ ಹೊಲಿಸದೆ ಬಿಸಿಗಾಳಿಯಿಂದ ಬೆಸೆಸಿಕೊಳ್ಳಿ, ಏಕೆಂದರೆ ಪ್ರತಿ ಸೂಜಿ ರಂಧ್ರವೂ ನೀರಿಗೆ ಬಾಗಿಲು. ಹೊಲಿಯದೆ ಆಗದ ಕಡೆ, ಹೊಲಿಗೆಯ ಮೇಲೆ ಒಂದು ಪಟ್ಟಿ ಅಂಟಿಸುವಂತೆ ಕುಶನ್ ಕೆಲಸದವರಿಗೆ ಹೇಳಿ. ಹಗ್ಗದ ಕಣ್ಣುಗಳು ಹಿತ್ತಾಳೆಯವಾಗಿರಲಿ; ಕಬ್ಬಿಣದವು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತವೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಮೊದಲೇ ಒಮ್ಮೆ ಪರೀಕ್ಷಿಸಿ: ಬಾಡಿಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ, ಹೊದಿಕೆ ಬಿಗಿದು, ಪೈಪಿನಿಂದ ಹತ್ತು ನಿಮಿಷ ನೀರು ಹಾಯಿಸಿದರೆ ಯಾವ ಮೂಲೆಯ ಕಾಗದ ಒದ್ದೆಯಾಗಿದೆ ಎಂಬುದೇ ಸೋರುವ ಜಾಗವನ್ನು ತೋರಿಸುತ್ತದೆ.

ಪ್ರಶ್ನೆ: ಮಲ್ಪೆಯಿಂದ ಮೀನು ಸಾಗಿಸುವ ವಾಹನಕ್ಕೆ ಗಟ್ಟಿ ಕವರು ಹಾಕಿಸಿದರೆ ಮಂಜುಗಡ್ಡೆ ಹೆಚ್ಚು ಹೊತ್ತು ಉಳಿಯುತ್ತದೆಯೇ?

ಉತ್ತರ: ಹೆಚ್ಚೇನೂ ಇಲ್ಲ. ಹೊದಿಕೆ ನೆರಳು ಕೊಡುತ್ತದೆ, ಶಾಖವನ್ನು ತಡೆಯುವುದಿಲ್ಲ. ಕಪ್ಪು ಬಣ್ಣದ್ದಾದರೆ ತಾನೇ ಕಾದು ಕಾವನ್ನು ಕೆಳಗಿಳಿಸುತ್ತದೆ. ಆ ಹಣವನ್ನು ಫೋಮ್ ತುಂಬಿದ ದಪ್ಪಗೋಡೆಯ ಪೆಟ್ಟಿಗೆಗಳಿಗೆ ಹಾಕಿ, ಮೇಲೆ ಬಿಳಿಯ ಟರ್ಪಾಲು ಬಿಗಿಯಿರಿ. ಕರಗಿದ ಉಪ್ಪುನೀರು ರಸ್ತೆಗೆ ಸುರಿದು ಹಿಂದೆ ಬರುವ ಬೈಕಿನವರು ಜಾರದಂತೆ, ಅದನ್ನು ಒಂದು ಕ್ಯಾನಿನಲ್ಲಿ ಹಿಡಿಯುವ ಏರ್ಪಾಡನ್ನೂ ಮಾಡಿಕೊಳ್ಳಿ.

ಗಟ್ಟಿ ಕವರನ್ನೇ ಹಾಕಿಸುವ ಕಡಲಂಚಿನ ಓದುಗರು ಒಂದು ವಿಷಯ ಗಮನಿಸಬೇಕು. ಅಲ್ಯೂಮಿನಿಯಂ ಮತ್ತು ಉಕ್ಕು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿಯ ಪುಡಿ ಉದುರತೊಡಗುತ್ತದೆ. ಅವೆರಡರ ನಡುವೆ ರಬ್ಬರು ಪಟ್ಟಿ, ಸ್ಕ್ರೂಗಳ ಕೆಳಗೆ ನೈಲಾನ್ ವಾಷರ್ ಇರಲೇಬೇಕು. ಸ್ಟೀಲ್ ಸ್ಕ್ರೂ ಕೇಳುವಾಗ 304 ದರ್ಜೆಯದ್ದಕ್ಕಿಂತ 316 ದರ್ಜೆಯದ್ದನ್ನು ಕೇಳಿ. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿಗೆ ಹೆಚ್ಚು ತಡೆಯೊಡ್ಡುತ್ತದೆ. ಬಾಡಿಗೆ ತೂತು ಕೊರೆಯದೆ ಕ್ಲಾಂಪಿನಿಂದ ಬಿಗಿಯುವಂಥದ್ದು ಸಿಕ್ಕರೆ ಅದನ್ನೇ ಆರಿಸಿ. ನನ್ನ ಹಳೆಯ ವಾಹನಕ್ಕೆ ಒಂದು ಅಂಗಡಿಯಲ್ಲಿ ಎಂಟು ತೂತು ಕೊರೆದು ಬಣ್ಣ ಹಚ್ಚದೆ ಬಿಟ್ಟಿದ್ದರು. ಎರಡನೆಯ ಮಳೆಗಾಲಕ್ಕೆ ಎಂಟೂ ಕಡೆ ತುಕ್ಕು ಇಳಿದಿತ್ತು.

ಪ್ರಶ್ನೆ: ಪಿಕಪ್‌ನ ಹಿಂಬದಿಗೆ ಕಿಟಕಿಗಳಿರುವ ಫೈಬರ್ ಕ್ಯಾನಪಿ (ಗೂಡಿನಂಥ ಗಟ್ಟಿ ಮುಚ್ಚಿಗೆ) ಕೂರಿಸಬೇಕೆಂದಿದ್ದೇನೆ. ಆರ್‌ಟಿಒ ಅನುಮತಿ ಬೇಕೇ? ಪ್ರವಾಸದಲ್ಲಿ ಮಕ್ಕಳು ಅದರೊಳಗೆ ಕೂರಬಹುದೇ? (ಸುರತ್ಕಲ್)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಖಂಡಿತ ಕೂರಿಸಬಾರದು. ಅದು ಸರಕಿನ ಜಾಗ. ಅಲ್ಲಿ ಸೀಟಾಗಲಿ ಬೆಲ್ಟಾಗಲಿ ಇಲ್ಲ. ಅಷ್ಟೇ ಅಲ್ಲದೆ, ಓಡುವ ವಾಹನದ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಹೊಗೆಕೊಳವೆಯ ಹೊಗೆ ಸಂದುಗಳ ಮೂಲಕ ಒಳಕ್ಕೆ ಸೆಳೆಯಲ್ಪಡುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾಯಿಯನ್ನು ಕೂಡ ಅಲ್ಲಿ ಮುಚ್ಚಿ ಒಯ್ಯಬೇಡಿ.

ಅನುಮತಿಯ ವಿಚಾರಕ್ಕೆ ಬಂದರೆ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಬಿಚ್ಚಿ ತೆಗೆಯುವ ಟರ್ಪಾಲಿನ ಮಾತು ಬೇರೆ, ವಾಹನದ ಎತ್ತರವನ್ನೂ ಬಾಡಿಯ ಸ್ವರೂಪವನ್ನೂ ಬದಲಿಸುವ ಕ್ಯಾನಪಿಯ ಮಾತು ಬೇರೆ. ಆದ್ದರಿಂದ ಹಣ ಕೊಡುವ ಮೊದಲು ನೋಂದಣಿ ಪತ್ರದ ಪ್ರತಿ ಮತ್ತು ಕ್ಯಾನಪಿಯ ವಿವರಗಳೊಂದಿಗೆ ನಿಮ್ಮ ಆರ್‌ಟಿಒ ಕಚೇರಿಗೆ ಲಿಖಿತವಾಗಿ ಅರ್ಜಿ ಕೊಟ್ಟು, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಎಲ್ಲರೂ ಹಾಕಿಸುತ್ತಾರೆ ಎಂಬ ಅಂಗಡಿಯವರ ಮಾತು ತಪಾಸಣೆಯ ವೇಳೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹಾಗೆಯೇ, ಅದೇ ಕಾಯ್ದೆಯ 194(1ಎ) ಕಲಮಿನ ಪ್ರಕಾರ, ಸರಕು ವಾಹನದ ಬಾಡಿಯನ್ನು ಮೀರಿ ಪಕ್ಕಕ್ಕೋ ಹಿಂದಕ್ಕೋ ಮುಂದಕ್ಕೋ ಚಾಚಿಕೊಂಡಿದ್ದರೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಸರಕನ್ನು ಇಳಿಸುವ ಹೊಣೆಯೂ ನಿಮ್ಮದೇ. ಬ್ರಹ್ಮಾವರದ ಓದುಗರ ಏಣಿಯ ಬಗ್ಗೆ ನಾನು ಎಚ್ಚರಿಸಿದ್ದು ಇದಕ್ಕಾಗಿಯೇ. ಹೊದಿಕೆ ಯಾವುದೇ ಇರಲಿ, ಅದರ ತುದಿ ಜೋತುಬಿದ್ದು ನಂಬರ್ ಪ್ಲೇಟನ್ನಾಗಲಿ ಹಿಂದಿನ ದೀಪಗಳನ್ನಾಗಲಿ ಮರೆಮಾಡದಂತೆ ಒಳಕ್ಕೆ ಮಡಚಿ ಕಟ್ಟಿರಿ.